ಮಾತ್ರೆಯ ಜೊತೆ ನಾಲ್ಕು ಮಾತೂ ಬೇಕು

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಮಲೆನಾಡಿನ ಗದ್ದೆ, ತೋಟಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ ಇಲಿಜ್ವರ ಹೊಸತಲ್ಲ. ಅದಕ್ಕೆ ವೈದ್ಯರು ಸಾಮಾನ್ಯವಾಗಿ ಕೊಡುವ ಆಂಟಿಬಯೋಟಿಕ್ ಡಾಕ್ಸಿಸೈಕ್ಲಿನ್. ಕಳೆದ ಆಷಾಢದಲ್ಲಿ ನನ್ನ ತಾಯಿಗೂ 7 ದಿನಕ್ಕೆ ಅದನ್ನೇ ಬರೆದುಕೊಟ್ಟಿದ್ದರು. ಜ್ವರವೇನೋ ಬೇಗ ಇಳಿಯಿತು. ಮೂರನೆಯ ರಾತ್ರಿ ಒಂದೇ ಗುಟುಕು ನೀರಿನಲ್ಲಿ ಕ್ಯಾಪ್ಸೂಲ್ ನುಂಗಿ ಹಾಗೆಯೇ ಮಲಗಿದ ಅವರು ನಸುಕಿನಲ್ಲಿ ಎದೆ ಹಿಡಿದುಕೊಂಡು ಎದ್ದು ಕುಳಿತರು. ಉಗುಳು ನುಂಗಿದರೂ ಕೆಂಡ ಇಳಿದಂಥ ಉರಿ. ಹೃದಯಾಘಾತವೆಂದು ಹೆದರಿ ಆಸ್ಪತ್ರೆಗೆ ಓಡಿದೆವು. ಇಸಿಜಿ ಸರಿಯಾಗಿಯೇ ಇತ್ತು. ಕ್ಯಾಪ್ಸೂಲ್ ಅನ್ನನಾಳದಲ್ಲೇ ಅಂಟಿಕೊಂಡು ಕರಗಿ ಅಲ್ಲಿ ಹುಣ್ಣಾಗಿತ್ತು. ವೈದ್ಯರು ಔಷಧಿ ಬದಲಿಸಿದರು. ಅಮ್ಮ ಹತ್ತು ದಿನ ತಣ್ಣನೆಯ ಗಂಜಿಯಲ್ಲೇ ಕಳೆದರು.

ತುಂಬಿದ ಲೋಟ ನೀರಿನಲ್ಲಿ ನುಂಗಿ, ಅರ್ಧ ಗಂಟೆಯಾದರೂ ಮಲಗದೆ ಕುಳಿತಿರಬೇಕೆಂದು ಯಾರಾದರೂ ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಔಷಧಿ ಅಂಗಡಿಯವರು ಕ್ಯಾಪ್ಸೂಲಿನ ಪಟ್ಟಿಯನ್ನು ಕತ್ತರಿಸಿ, ಕಾಗದದ ಲಕೋಟೆಗೆ ಹಾಕಿ, ಮೇಲೆ '1-0-1' ಎಂದು ಬರೆದುಕೊಟ್ಟಿದ್ದರು, ಅಷ್ಟೇ. ಇದೇ ಔಷಧಿ ತೆಗೆದುಕೊಳ್ಳುವಾಗ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಕಬ್ಬಿಣಾಂಶದ ಮಾತ್ರೆ, ಆ್ಯಸಿಡಿಟಿಯ ಔಷಧಿಗಳನ್ನು ಜೊತೆಯಲ್ಲೇ ನುಂಗಿದರೆ ಆಂಟಿಬಯೋಟಿಕ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇವೆಲ್ಲ ನಮಗೆ ತಿಳಿದದ್ದು ಆಮೇಲೆ.

ಯಾವುದೇ ಆಂಟಿಬಯೋಟಿಕ್‌ನಿಂದ ಸ್ವಲ್ಪ ವಾಕರಿಕೆಯೋ ಭೇದಿಯೋ ಆಗಬಹುದು. ಅಷ್ಟಕ್ಕೇ ಹೆದರಿ ತಾವಾಗಿಯೇ ಔಷಧಿ ನಿಲ್ಲಿಸುವುದೂ ತಪ್ಪು, ವೈದ್ಯರನ್ನು ಕೇಳಬೇಕು. ಆದರೆ ಮೈಮೇಲೆ ದದ್ದು ಎದ್ದು ತುಟಿ, ಮುಖ ಊದಿಕೊಂಡರೆ ಅಥವಾ ಉಸಿರು ಕಟ್ಟಿದಂತಾದರೆ ಮುಂದಿನ ಮಾತ್ರೆ ಮುಟ್ಟದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನೀರಿನಂಥ ಭೇದಿ ನಿಲ್ಲದಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ, ಔಷಧಿ ಮುಗಿದು ಕೆಲವು ವಾರಗಳಾಗಿದ್ದರೂ ಸರಿಯೇ, ವೈದ್ಯರಿಗೆ ತಿಳಿಸಲೇಬೇಕು.

ರೋಗಿಗೆ ಔಷಧಿಯ ಬಗ್ಗೆ ತಿಳಿವಳಿಕೆ ಕೊಡುವುದು ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯೇ ಹೇಳುತ್ತದೆ. ಅಡ್ಡಪರಿಣಾಮ ಕಂಡಾಗ ರೋಗಿಯೇ ವರದಿ ಮಾಡಲು 1800-180-3024 ಎಂಬ ಉಚಿತ ಸಹಾಯವಾಣಿಯೂ ಇದೆ. ಅದನ್ನು ಬಲ್ಲವರು ನಮ್ಮೂರಿನಲ್ಲಿ ನನಗೆ ಒಬ್ಬರೂ ಸಿಗಲಿಲ್ಲ. ಆಂಟಿಬಯೋಟಿಕ್ ಕೊಡುವ ಲಕೋಟೆಯ ಮೇಲೆ, ಹೇಗೆ ನುಂಗಬೇಕು, ಯಾವುದರೊಂದಿಗೆ ಕೂಡದು, ಏನಾದರೆ ಆಸ್ಪತ್ರೆಗೆ ಬರಬೇಕು ಎಂಬಷ್ಟನ್ನು ಈ ಸಂಖ್ಯೆಯೊಂದಿಗೆ ದಪ್ಪಕ್ಷರದ ಕನ್ನಡದಲ್ಲಿ ಮುದ್ರಿಸುವುದನ್ನು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು ಈ ಮಳೆಗಾಲಕ್ಕೆ ಮುನ್ನವೇ ಕಡ್ಡಾಯಗೊಳಿಸಬೇಕೆಂದು ಕೋರುತ್ತೇನೆ.

– ಓದುಗ, ತೀರ್ಥಹಳ್ಳಿ ತಾಲ್ಲೂಕು