ಅಲ್ಲಿ ಈಗ ತಿಂಡಿಯೋ, ಊಟವೋ?

ಸಂಪಾದಕರಿಗೆ ನಮಸ್ಕಾರ.

ಎರಡು ವಾರದ ಹಿಂದೆ ವಾಚಕರ ಪತ್ರಗಳಲ್ಲಿ ಒಬ್ಬರು ಬೇಸರದಿಂದ ಬರೆದಿದ್ದರು. ಈಗಿನವರಿಗೆ ಪಕ್ಕದ ಮನೆಯವರ ಹೆಸರು ಗೊತ್ತಿರುವುದಿಲ್ಲ, ಅಮೆರಿಕದಲ್ಲಿರುವ ಯಾರೋ ಬೆಳಗ್ಗೆ ಏನು ತಿಂದರು ಅಂತ ಮಾತ್ರ ಗೊತ್ತಿರುತ್ತದೆ, ಇದೂ ಒಂದು ಗೆಳೆತನವೇ ಅಂತ ಕೇಳಿದ್ದರು. ಅದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ಅಮೆರಿಕದಲ್ಲಿರುವ ಒಬ್ಬರು ಬೆಳಗ್ಗೆ ಏನು ತಿಂದರು ಅಂತ ನನಗೆ ನಿಜವಾಗಿ ಗೊತ್ತು. ಅವಲಕ್ಕಿ. ಮಗ ಬೇಡ ಅಂದನಂತೆ, ಅವನಿಗೆ ಬೇರೆ ದೋಸೆ ಹುಯ್ದು ಕೊಟ್ಟರಂತೆ. ಇದು ಗೊತ್ತಿರುವುದು ನನಗೆ ಬೇಕಾದ ವಿಷಯ, ಅದಕ್ಕೇ ಈ ಪತ್ರ.

ನಾನು ಧಾರವಾಡದವಳು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ, ಈಗ ನಿವೃತ್ತಿ ಆಗಿದೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಆನ್‌ಲೈನ್‌ನಲ್ಲಿ ಕಸೂತಿ ಕಲಿಯಲು ಸೇರಿದೆ. ಕಸೂತಿಯ ಊರಲ್ಲೇ ಹುಟ್ಟಿ ಬೆಳೆದರೂ ಅಲ್ಲಿಯವರೆಗೆ ಸೂಜಿ ಹಿಡಿಯಲು ಪುರುಸೊತ್ತು ಸಿಕ್ಕಿರಲಿಲ್ಲ. ಮೂರು ತಿಂಗಳಿಗೆ ತರಗತಿ ಮುಗಿಯಿತು. ಅಲ್ಲಿ ಸಿಕ್ಕ ಆರು ಜನ ಮಾತ್ರ ಇವತ್ತಿಗೂ ಒಬ್ಬರನ್ನೊಬ್ಬರು ಬಿಟ್ಟಿಲ್ಲ. ನಾನು ಇಲ್ಲಿ, ಇನ್ನೊಬ್ಬರು ಹಾಸನದಲ್ಲಿ, ಹಾವೇರಿ ಕಡೆಯವರು ಮೆಲ್ಬರ್ನ್‌ನಲ್ಲಿ, ಮಂಗಳೂರಿನವರು ದುಬೈಯಲ್ಲಿ, ಬಾಗಲಕೋಟೆಯವರು ಲಂಡನ್‌ನಲ್ಲಿ, ಮೈಸೂರಿನವರು ನ್ಯೂಜೆರ್ಸಿಯಲ್ಲಿ. ಇವರಲ್ಲಿ ಇಬ್ಬರನ್ನು ಬಿಟ್ಟರೆ ಉಳಿದವರನ್ನು ನಾನು ಇನ್ನೂ ಎದುರಿಗೆ ಕೂರಿಸಿಕೊಂಡು ಮಾತಾಡಿಲ್ಲ.

ನಾವು ಮಾತಾಡುವುದು ಏನು ಅಂತ ಕೇಳಿದರೆ ದೊಡ್ಡದು ಏನೂ ಇಲ್ಲ. ದುಬೈಯಲ್ಲಿ ಒಣಹಾಕಿದ ಬಟ್ಟೆ ಬೇಸಿಗೆಯಲ್ಲಿ ನೋಡನೋಡುತ್ತಲೇ ಒಣಗುತ್ತದೆ, ಇಲ್ಲಿ ಆಷಾಢದ ಜಿಟಿಜಿಟಿ ಮಳೆಗೆ ನಾಲ್ಕು ದಿನವಾದರೂ ಒದ್ದೆ ವಾಸನೆ. ಲಂಡನ್‌ನಲ್ಲಿ ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ, ಅಲ್ಲಿನವರು ದೀಪ ಹಚ್ಚಿ ಫೋಟೊ ಕಳಿಸುತ್ತಾರೆ, ಅದೇ ವಾರ ಮೆಲ್ಬರ್ನ್‌ನವರು ಸೆಕೆ ಅಂತ ಮಜ್ಜಿಗೆ ಕಡೆಯುತ್ತಿರುತ್ತಾರೆ. ನ್ಯೂಜೆರ್ಸಿಯವರು ಕಾರಿನ ಮೇಲಿನ ಹಿಮ ಕೆರೆಯುವಾಗ ಬೆರಳು ಮರಗಟ್ಟಿತು ಅಂತ ಬರೆಯುತ್ತಾರೆ. ಒಮ್ಮೆ ಅವರು ಒಂದು ವಿಚಿತ್ರ ಬೇಡಿಕೆ ಇಟ್ಟರು. ಬೆಳಗ್ಗೆ ನಮ್ಮ ಓಣಿಗೆ ಪಲ್ಲೆ ಮಾರಲು ಬರುವವರ ಕೂಗು ನನ್ನ ಧ್ವನಿ ಸಂದೇಶದ ಹಿಂದೆ ಕೇಳಿಸಿತ್ತಂತೆ. ಅದನ್ನೇ ಸ್ವಲ್ಪ ಉದ್ದಕ್ಕೆ ರೆಕಾರ್ಡ್ ಮಾಡಿ ಕಳಿಸಿ ಮೇಡಂ ಅಂದರು. ಕಳಿಸಿದೆ. ಮೆಂತೆ, ಸಬ್ಬಸಗಿ, ರಾಜಗಿರಿ ಅಂತ ಒಂದು ನಿಮಿಷದ ಕೂಗು, ನಡುವೆ ಒಂದು ಸ್ಕೂಟರ್ ಹೋದ ಸದ್ದು. ಅವರು ಅಡುಗೆ ಮಾಡುತ್ತಾ ಅದನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳಿದರಂತೆ. ದಿನಾ ಕಿವಿಗೆ ಬೀಳುವ ಕೂಗನ್ನು ನಾನು ಆ ದಿನದಿಂದ ನಿಂತು ಕೇಳಿಸಿಕೊಳ್ಳುತ್ತೇನೆ.

ನಮ್ಮ ಕನ್ನಡದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಸಿಕ್ಕಾಗ ಶುಭೋದಯ, ಶುಭ ಸಂಜೆ ಅಂತ ನಾವು ಮನೆಮಂದಿಗೆ ಹೇಳುವುದಿಲ್ಲ. ತಿಂಡಿ ಆಯ್ತಾ, ಚಹಾ ಆತೇನ್ರಿ, ಎಂತ ಊಟಕ್ಕೆ ಅಂತ ಕೇಳುತ್ತೇವೆ. ಒಂದೇ ಊರಲ್ಲಿದ್ದರೆ ಇದು ಸುಮ್ನೆ ಬಾಯಿಗೆ ಬರುವ ಮಾತು. ಆದರೆ ಆರು ಜನ ಐದು ಗಡಿಯಾರದಲ್ಲಿದ್ದಾಗ ಈ ಮಾತು ಕೇಳಬೇಕಾದರೆ ಮೊದಲು ಲೆಕ್ಕ ಹಾಕಬೇಕು. ನಾನು ಸಂಜೆ ಆರಕ್ಕೆ ಕಸೂತಿ ಹಿಡಿದು ಕೂತಾಗ ನ್ಯೂಜೆರ್ಸಿಯಲ್ಲಿ ಬೆಳಗು, ಅವರನ್ನು ತಿಂಡಿ ಕೇಳಬೇಕು. ಲಂಡನ್‌ನವರನ್ನು ಊಟ ಕೇಳಬೇಕು. ಮೆಲ್ಬರ್ನ್‌ನವರನ್ನು ಏನೂ ಕೇಳಬಾರದು, ಅವರು ಮಲಗುವ ಹೊತ್ತು. ಮೆಲ್ಬರ್ನ್‌ನಲ್ಲಿರುವ ಆ ಹಾವೇರಿಯವರು ನನ್ನನ್ನು ‘ಅಕ್ಕೋರ’ ಅಂತಲೇ ಕರೆಯುವುದು, ಅವರು ಬೆಳಗ್ಗೆ ಎದ್ದು ತಕ್ಷಣ ಬರೆದರೂ ‘ನಾಷ್ಟಾ ಆತೇನ್ರಿ’ ಅನ್ನುವುದಿಲ್ಲ, ‘ಎದ್ದ ಮ್ಯಾಲೆ ಓದ್ರಿ’ ಅನ್ನುತ್ತಾರೆ, ಯಾಕೆಂದರೆ ನಾನಿಲ್ಲಿ ನಟ್ಟಿರುಳಿನಲ್ಲಿ ಮಲಗಿರುತ್ತೇನೆ ಅಂತ ಅವರಿಗೆ ನೆನಪಿರುತ್ತದೆ. ಆ ನೆನಪು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನೀವು ಈಗ ಎಚ್ಚರ ಇದ್ದೀರೋ, ಹಸಿದಿದ್ದೀರೋ, ಕೆಲಸಕ್ಕೆ ಹೊರಟಿದ್ದೀರೋ ಅಂತ ಎಲ್ಲೋ ಒಬ್ಬರು ದಿನಕ್ಕೊಂದು ಸಲ ಯೋಚನೆ ಮಾಡುತ್ತಾರೆ ಅಂದರೆ ಅದು ಕಡಿಮೆಯದಲ್ಲ, ಅಲ್ವಾ?

ಈ ಲೆಕ್ಕವನ್ನು ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆಸಿದ್ದೇನೆ. ಒಂದು ರೇಖಾಂಶಕ್ಕೆ 4 ನಿಮಿಷ, 15ಕ್ಕೆ ಒಂದು ಗಂಟೆ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕೂಡಿಸಿದ್ದು, ಅದಕ್ಕೇ ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದೆ. ಧಾರವಾಡ ಸುಮಾರು 75 ಡಿಗ್ರಿಯಲ್ಲಿದೆ, ಹಾಗಾಗಿ ನಮ್ಮ ಸೂರ್ಯ ನಮ್ಮ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ. ಮಕ್ಕಳು ಇದನ್ನು ಪರೀಕ್ಷೆಗೆ ಅಂತ ಬಾಯಿಪಾಠ ಮಾಡುತ್ತಿದ್ದರು, ನಾನೂ ಹಾಗೇ ಕಲಿಸುತ್ತಿದ್ದೆ. ಈಗ ನಮ್ಮ ಲಂಡನ್‌ನವರು ಹೇಳಿಕೊಟ್ಟ ಒಂದು ಉಪಾಯವನ್ನು ಆಗ ತಿಳಿದಿದ್ದರೆ ಮಕ್ಕಳಿಗೆ ತೋರಿಸುತ್ತಿದ್ದೆ. ಮುಳ್ಳಿನ ಕೈಗಡಿಯಾರವನ್ನು ತಲೆಕೆಳಗು ಮಾಡಿ ಹಿಡಿಯಿರಿ. ಇಲ್ಲಿ ಮಧ್ಯಾಹ್ನ ಎರಡು ಇದ್ದರೆ ಅದು ಎಂಟೂವರೆ ತೋರಿಸುತ್ತದೆ. ಚಳಿಗಾಲದಲ್ಲಿ ಲಂಡನ್ ಸಮಯ ಅದೇ.

ಚಳಿಗಾಲ ಅಂದೆ, ಯಾಕೆಂದರೆ ಅಲ್ಲಿನ ಗಡಿಯಾರಗಳು ವರ್ಷಕ್ಕೆ ಎರಡು ಸಲ ಬದಲಾಗುತ್ತವೆ, ಬೇಸಿಗೆಗೆ ಒಂದು ಗಂಟೆ ಮುಂದಕ್ಕೆ, ಚಳಿಗಾಲಕ್ಕೆ ಮತ್ತೆ ಹಿಂದಕ್ಕೆ. ಮಾರ್ಚ್ ಬಂತೆಂದರೆ ನಮ್ಮ ಗುಂಪಿನಲ್ಲಿ ಎಲ್ಲರ ಲೆಕ್ಕವೂ ತಪ್ಪುತ್ತದೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಒಂದು ಗಂಟೆ ಮುಂದೆ ಹೋಗುತ್ತಾರೆ. ಬ್ರಿಟನ್‌ನಲ್ಲಿ ಕೊನೆಯ ಭಾನುವಾರ. ಮೆಲ್ಬರ್ನ್‌ನಲ್ಲಿ ಏಪ್ರಿಲ್‌ನ ಮೊದಲ ಭಾನುವಾರ, ಅದೂ ಹಿಂದಕ್ಕೆ. ಹಾಸನ, ಧಾರವಾಡ, ದುಬೈ ಮಾತ್ರ ಇದ್ದಲ್ಲೇ ಇರುತ್ತವೆ. ದುಬೈಯವರದ್ದು ಬೇರೊಂದು ತೊಡಕಿತ್ತು. 2022ರ ಜನವರಿಗಿಂತ ಮೊದಲು ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ ಇತ್ತು. ನಾವೆಲ್ಲ ಭಾನುವಾರ ಕೂತು ಹರಟುವಾಗ ಅವರು ಆಫೀಸಿನಲ್ಲಿ ಇರುತ್ತಿದ್ದರು.

2025ರ ಯುಗಾದಿ ಮಾರ್ಚ್ 30ಕ್ಕೆ ಬಂತು, ಭಾನುವಾರ. ಎಲ್ಲರೂ ಸೇರಿ ಬೇವು ಬೆಲ್ಲ ತಿನ್ನೋಣ ಅಂತ ಮಾತಾಗಿತ್ತು. ನಮ್ಮ ಮಧ್ಯಾಹ್ನ 12 ಗಂಟೆ ಅಂತ ಗೊತ್ತುಮಾಡಿದೆವು. ಲಂಡನ್‌ನವರಿಗೆ ಬೆಳಗ್ಗೆ ಆರೂವರೆ ಅಂತ ಲೆಕ್ಕ ಹೇಳಿದವಳು ನಾನೇ. ಸರಿಯಾಗಿ ಅದೇ ದಿನ ಬೆಳಗಿನ ಜಾವ ಬ್ರಿಟನ್‌ನಲ್ಲಿ ಗಡಿಯಾರ ಮುಂದಕ್ಕೆ ಹೋಯಿತು. ಅವರು ಫೋನಿನ ಸಮಯ ನೋಡಿ ಎದ್ದು, ತಲೆಗೆ ನೀರು ಹಾಕಿಕೊಂಡು, ಹಿಂದಿನ ದಿನ ಭಾರತೀಯ ಅಂಗಡಿಯಿಂದ ತಂದಿಟ್ಟ ಬೇವಿನ ಎಲೆ ಹಿಡಿದು ಬಂದು ಕೂತಾಗ ಇಲ್ಲಿ ಇನ್ನೂ ಹನ್ನೊಂದು. ನನ್ನ ಕೈ ಪೂರ್ತಿ ಹೂರಣ. ಇನ್ನೊಂದು ಗಂಟೆ ಮಲಗಿ ಅಂದೆ, ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಫೋನನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ ಇಡಿ, ನಾನು ಸುಮ್ನೆ ನೋಡ್ತೀನಿ ಅಂದರು. ಒಂದು ಗಂಟೆ ನಾನು ಹೋಳಿಗೆ ತಟ್ಟಿದೆ, ಅವರು ನೋಡಿದರು. ನಡುನಡುವೆ ಅವರ ಅವ್ವ ಹೂರಣ ಹೇಗೆ ರುಬ್ಬುತ್ತಿದ್ದರು ಅಂತ ಹೇಳಿದರು. ಆಮೇಲೆ ಹನ್ನೆರಡಕ್ಕೆ ಉಳಿದವರು ಬಂದರು. ಮೆಲ್ಬರ್ನ್‌ನಲ್ಲಿ ಆಗ ಸಂಜೆ ಐದೂವರೆ, ಅಲ್ಲಿ ಮಾರ್ಚ್ ಅಂದರೆ ಎಲೆ ಉದುರುವ ಕಾಲ, ಚಿಗುರಿನ ಹಬ್ಬವನ್ನು ಅವರು ಒಣಗಿದ ಎಲೆ ಗುಡಿಸಿ ಮಾಡಿದರು. ನ್ಯೂಜೆರ್ಸಿಯಲ್ಲಿ ನಡುರಾತ್ರಿ ಎರಡೂವರೆ, ಅವರನ್ನು ಯಾರೂ ಎಬ್ಬಿಸಲಿಲ್ಲ. ಆ ವರ್ಷದ ಯುಗಾದಿ ಅಂದರೆ ನನಗೆ ಮೊದಲು ನೆನಪಾಗುವುದು ಹನ್ನೊಂದರಿಂದ ಹನ್ನೆರಡರವರೆಗಿನ ಆ ಒಂದು ಗಂಟೆ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಮೂರು ವರ್ಷದ ಹಿಂದೆ ಜನವರಿಯಲ್ಲಿ ಅವ್ವನಿಗೆ ಬಹಳ ಹುಷಾರಿಲ್ಲದೆ ಆಸ್ಪತ್ರೆಯಲ್ಲಿ ಇಡಬೇಕಾಯಿತು. ರಾತ್ರಿ ನಾನೊಬ್ಬಳೇ. ತಮ್ಮ ಹಗಲು ನೋಡಿಕೊಳ್ಳುತ್ತಿದ್ದ, ಅವನನ್ನು ರಾತ್ರಿ ಎಬ್ಬಿಸಲು ಮನಸ್ಸಿಲ್ಲ. ಓಣಿಯವರು ಬಂಗಾರದಂಥ ಜನ, ಡಬ್ಬಿ ತಂದುಕೊಟ್ಟರು, ಮನೆಯ ಬೀಗದ ಕೈ ಇಟ್ಟುಕೊಂಡರು, ಗಿಡಕ್ಕೆ ನೀರು ಹಾಕಿದರು. ಆದರೆ ರಾತ್ರಿ ಎರಡು ಗಂಟೆಗೆ ಯಾರ ಬಾಗಿಲು ಬಡಿಯುವುದು? ಪಕ್ಕದ ಮಂಚದವರೂ ಮಲಗಿದ್ದರು, ಕಾರಿಡಾರಿನ ಟ್ಯೂಬ್‌ಲೈಟ್ ಒಂದೇ ಸಮ ಗುಂಯ್ ಅನ್ನುತ್ತಿತ್ತು. ಗುಂಪಿನಲ್ಲಿ ‘ನಿದ್ದೆ ಬರ್ತಾ ಇಲ್ಲ’ ಅಂತ ಒಂದು ಸಾಲು ಹಾಕಿದೆ. ನ್ಯೂಜೆರ್ಸಿಯಲ್ಲಿ ಆಗ ಮಧ್ಯಾಹ್ನ ಮೂರೂವರೆ. ‘ನಾನಿದ್ದೀನಿ ಮೇಡಂ, ಹುರುಳಿಕಾಯಿ ಬಿಡಿಸ್ತಾ ಇದ್ದೀನಿ’ ಅಂತ ಬಂತು. ಸಮಾಧಾನದ ಮಾತು ಒಂದೂ ಹೇಳಲಿಲ್ಲ. ಹುರುಳಿಕಾಯಿ ಬಲಿತಿದೆ ಅಂದರು, ಮಗನ ಸ್ಕೂಲ್ ಬಸ್ ಬಂತು ಅಂದರು, ಅವನು ಒಂದು ಕೈಗವಸು ಕಳೆದುಕೊಂಡು ಬಂದಿದ್ದಾನೆ, ಈ ಚಳಿಗಾಲಕ್ಕೆ ಇದು ಮೂರನೆಯದು ಅಂದರು. ನಾನು ಓದುತ್ತಾ ಕೂತೆ. ನಾಲ್ಕು ಗಂಟೆ ಹೊತ್ತಿಗೆ ಮೆಲ್ಬರ್ನ್‌ನಲ್ಲಿ ಬೆಳಗ್ಗೆ ಒಂಬತ್ತೂವರೆ ಆಗಿತ್ತು. ‘ನೀವ್ ಅಡಿಗಿ ಮಾಡ್ಕೋರಿ, ಅಕ್ಕೋರ ಜೋಡಿ ನಾ ಇರ್ತೇನಿ’ ಅಂತ ಹಾವೇರಿಯವರು ಬಂದರು. ಐದೂವರೆಗೆ ಹಾಸನದವರು ಎದ್ದು ಕಾಫಿ ಕುಡಿದ್ರಾ ಅಂತ ಕೇಳಿದರು. ಹೀಗೆ ಒಂಬತ್ತು ರಾತ್ರಿ. ಯಾರೂ ಮೊದಲೇ ಮಾತಾಡಿಕೊಂಡು ಪಾಳಿ ಹಾಕಿಕೊಂಡಿರಲಿಲ್ಲ. ಹತ್ತನೇ ದಿನ ಅವ್ವ ಮನೆಗೆ ಬಂದಳು.

ಅವರೆಲ್ಲ ನಮ್ಮ ಓಣಿಯಲ್ಲೇ ಇದ್ದಿದ್ದರೆ ಆ ಹೊತ್ತಿನಲ್ಲಿ ಎಲ್ಲರೂ ಮಲಗಿರುತ್ತಿದ್ದರು. ದೂರ ಇದ್ದದ್ದಕ್ಕೇ ಎಚ್ಚರ ಇದ್ದರು. ಮತ್ತೆ, ಅವತ್ತು ಹುರುಳಿಕಾಯಿಯ ಮಾತು ನನಗೆ ಹಿಡಿದುಕೊಳ್ಳಲು ಸಿಕ್ಕಿದ್ದು ಅದಕ್ಕಿಂತ ಮುಂಚೆ ವರ್ಷಗಟ್ಟಲೆ ದಿನಾ ಅಂಥದ್ದೇ ಮಾತಾಡಿದ್ದರಿಂದ. ಕಷ್ಟ ಬಂದ ದಿನ ಹೊಸದಾಗಿ ಪರಿಚಯ ಮಾಡಿಕೊಳ್ಳಲು ಆಗುವುದಿಲ್ಲ. ಅವಲಕ್ಕಿ, ಒಣಗದ ಬಟ್ಟೆ, ಕಳೆದ ಕೈಗವಸು, ಇವುಗಳಲ್ಲೇ ಪರಿಚಯ ಬೆಳೆಯುವುದು. ಕಸೂತಿಯಲ್ಲಿ ಗವಂತಿ ಅಂತ ಒಂದು ಹೊಲಿಗೆ ಇದೆ. ಹೋಗುವಾಗ ಒಂದು ಬಿಟ್ಟು ಒಂದು ಹಾಕಿಕೊಂಡು ಹೋಗಬೇಕು, ಅರ್ಧ ಖಾಲಿ ಕಾಣುತ್ತದೆ, ಬರುವಾಗ ಅದೇ ದಾರಿಯಲ್ಲಿ ಖಾಲಿ ಬಿಟ್ಟದ್ದನ್ನು ತುಂಬಿಕೊಂಡು ಬರಬೇಕು. ನಮ್ಮ ಮಾತು ಹಾಗೇ ನಡೆಯುತ್ತದೆ. ರಾತ್ರಿ ನಾನು ಬರೆದು ಮಲಗುತ್ತೇನೆ, ಏಳುವಷ್ಟರಲ್ಲಿ ಉಳಿದವರು ತುಂಬಿರುತ್ತಾರೆ. ಯಾಕೆ ತಡ, ಯಾಕೆ ಉತ್ತರ ಇಲ್ಲ ಅಂತ ಯಾರೂ ಕೇಳುವುದಿಲ್ಲ. ‘ಸವಡ ಆದಾಗ ಓದ್ರಿ’, ಅಂದರೆ ಪುರುಸೊತ್ತಾದಾಗ ಓದಿ, ಅನ್ನುವುದು ನಮ್ಮಲ್ಲಿ ಎಲ್ಲರಿಗೂ ರೂಢಿಯಾಗಿದೆ, ಮೈಸೂರಿನವರೂ ಅದನ್ನೇ ಅನ್ನುತ್ತಾರೆ.

ಪರಿಚಯವಿಲ್ಲದವರನ್ನು ನಂಬಿ ದುಡ್ಡು ಕಳೆದುಕೊಂಡವರ ಸುದ್ದಿ ನಾನೂ ಓದುತ್ತೇನೆ. ಹುಷಾರಾಗಿ ಇರಬೇಕು, ನಿಜ. ನಮ್ಮಲ್ಲಿ ಇವತ್ತಿನವರೆಗೆ ದುಡ್ಡಿನ ಮಾತು ಬಂದಿಲ್ಲ.

ಇನ್ನು ಪಕ್ಕದ ಮನೆಯ ಮಾತು. ಲಂಡನ್‌ನವರ ಅಜ್ಜಿಯ ಚಂದ್ರಕಾಳಿ ಅನ್ನುವ ಕಪ್ಪು ಸೀರೆಯಲ್ಲಿ ಆನೆ ಅಂಬಾರಿಯ ಕಸೂತಿ ಇತ್ತಂತೆ, ಸೀರೆ ಹರಿದು ಹೋಗಿದೆ, ಲೆಕ್ಕ ಯಾರಿಗೂ ಗೊತ್ತಿಲ್ಲ. ಕಸೂತಿಗೆ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು, ಹಾಗಾಗಿ ಲೆಕ್ಕ ಹೋದರೆ ಚಿತ್ರವೂ ಹೋದಂತೆ. ಅವರಿಗಾಗಿ ವಿಚಾರಿಸುತ್ತಾ ಹೋಗಿ ನಮ್ಮ ಹಿಂದಿನ ಓಣಿಯಲ್ಲಿ 80 ದಾಟಿದ ಒಬ್ಬ ಅಜ್ಜಿ ಸಿಕ್ಕರು. ಅಷ್ಟು ವರ್ಷ ಆ ಮನೆ ಮುಂದೆಯೇ ಶಾಲೆಗೆ ಹೋಗಿ ಬಂದಿದ್ದೇನೆ, ಒಳಗೆ ಕಾಲಿಟ್ಟಿರಲಿಲ್ಲ. ಈಗ ಪ್ರತಿ ಗುರುವಾರ ಹೋಗುತ್ತೇನೆ. ಅವರ ಕಣ್ಣು ಮಂಜಾಗಿದೆ, ಬೆರಳಿನಿಂದ ಎಳೆ ಮುಟ್ಟಿ ಎಣಿಸಿ ಹೇಳುತ್ತಾರೆ, ನಾನು ಹಾಕಿ ಫೋಟೊ ತೆಗೆದು ಕಳಿಸುತ್ತೇನೆ. ‘ಆಕೀ ಊರಾಗ ಈಗ ಎಷ್ಟ ಗಂಟಿ’ ಅಂತ ಅಜ್ಜಿ ಪ್ರತಿ ಸಲ ಕೇಳುತ್ತಾರೆ, ‘ಉಂಡಾಳಂತೇನು’ ಅಂತಲೂ ಕೇಳುತ್ತಾರೆ. ದೂರದ ಗೆಳತಿ ಇಲ್ಲದಿದ್ದರೆ ನನಗೆ ಈ ಹತ್ತಿರದ ಅಜ್ಜಿ ಸಿಗುತ್ತಿರಲಿಲ್ಲ. ಎರಡು ವಾರದ ಹಿಂದೆ ಪತ್ರ ಬರೆದವರಿಗೆ ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

ಕೊನೆಗೆ ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಪತ್ರಿಕೆಯ ‘ನಗರದಲ್ಲಿ ಇಂದು’ ಅಂಕಣದಲ್ಲಿ ಆನ್‌ಲೈನ್ ಉಪನ್ಯಾಸ, ಗಮಕ, ಕವಿಗೋಷ್ಠಿಗಳ ಸುದ್ದಿ ಬರುತ್ತಿರುತ್ತದೆ. ಸಂಜೆ 7ಕ್ಕೆ ಅಂತ ಮಾತ್ರ ಇರುತ್ತದೆ. ಕಳೆದ ಮಾರ್ಚ್‌ನ ಒಂದು ಭಾನುವಾರ ಇಂಥದ್ದೇ ಒಂದು ಉಪನ್ಯಾಸಕ್ಕೆ ಸಂಘಟಕರು ಅಮೆರಿಕದವರಿಗೆ ಬೆಳಗ್ಗೆ ಎಂಟೂವರೆ ಅಂತ ಹೇಳಿದ್ದರು, ಅಲ್ಲಿ ಗಡಿಯಾರ ಮುಂದೆ ಹೋದದ್ದು ಅವರ ಗಮನಕ್ಕೆ ಬಂದಿರಲಿಲ್ಲ. ನಮ್ಮ ನ್ಯೂಜೆರ್ಸಿಯವರು ಒಂದು ಗಂಟೆ ಕಾದು, ಒಂಬತ್ತೂವರೆಗೆ ಮಗನನ್ನು ಈಜು ತರಗತಿಗೆ ಬಿಡಲು ಎದ್ದು ಹೋದರು. ಇಲ್ಲಿ ಆಗಷ್ಟೇ ಸ್ವಾಗತ ಭಾಷಣ ಶುರುವಾಗಿತ್ತು. ಹೊರದೇಶದಲ್ಲಿದ್ದುಕೊಂಡು ನಿಮ್ಮ ಪತ್ರಿಕೆಯನ್ನು ಫೋನಿನಲ್ಲಿ ಓದುವವರು ಬಹಳ ಜನ ಇದ್ದಾರೆ. ಆನ್‌ಲೈನ್ ಕಾರ್ಯಕ್ರಮ ಅಂತ ಬಂದಾಗ ‘ಭಾರತೀಯ ಕಾಲಮಾನ’ ಅಂತ ಎರಡು ಪದ ಸೇರಿಸಿ. ಜಾಗ ಇದ್ದರೆ ದುಬೈ, ಲಂಡನ್, ನ್ಯೂಯಾರ್ಕ್, ಮೆಲ್ಬರ್ನ್ ಸಮಯವನ್ನೂ ಒಂದು ಸಾಲಿನಲ್ಲಿ ಹಾಕಿ. ಲೆಕ್ಕ ಬೇಕಿದ್ದರೆ ನಾನೇ ಪ್ರತಿ ವಾರ ಮಾಡಿ ಕಳಿಸುತ್ತೇನೆ, ಈ ಸಲ ಮಾರ್ಚ್‌ನಲ್ಲೂ ತಪ್ಪುವುದಿಲ್ಲ.

ಇಂತಿ,
ನಿವೃತ್ತ ಶಿಕ್ಷಕಿ, ಧಾರವಾಡ