ನಾಳೆ ಡಾಡೋ ಸೆಟ್ ಕೂಡಿಸುವವರಿಗೆ

ನಮಸ್ಕಾರ್ರಿ ಎಲ್ಲರಿಗೂ. ನಾಳೆ ಉದ್ಯಮಬಾಗದ ಶೆಡ್‌ನಲ್ಲಿ ಟೇಬಲ್ ಸಾಗೆ (ಮೇಜಿನ ಗರಗಸಕ್ಕೆ) ಡಾಡೋ ಸೆಟ್, ಅಂದರೆ ಅಗಲ ಗ್ರೂವ್ ಕೊಯ್ಯಲು ಒಟ್ಟಿಗೆ ಜೋಡಿಸುವ ಬ್ಲೇಡುಗಳ ಸೆಟ್, ಕೂಡಿಸುತ್ತೇವೆ. ಶೆಲ್ಫ್ ಗ್ರೂವ್ ಕೆಲಸ ಇರುವವರು ಇದನ್ನು ಓದಿಕೊಂಡು ಬನ್ನಿ.

ಮೊದಲು ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಗಾರ್ಡ್, ರೈವಿಂಗ್ ನೈಫ್ (ಬ್ಲೇಡಿನ ಹಿಂದೆ ನಿಂತು ಕೊಯ್ದ ಸಂದಿ ಮುಚ್ಚದಂತೆ ತಡೆಯುವ ತಗಡು) ಬಿಚ್ಚಿ. ಹೊರಗಿನ ಎರಡು ಬ್ಲೇಡ್ ಎಡ-ಬಲ ಅದಲುಬದಲಾಗಬಾರದು. ನಡುವೆ ಚಿಪ್ಪರ್, ಅಂದರೆ ನಡುವಿನ ಮರ ತೆಗೆಯುವ ಕಡಿಮೆ ಹಲ್ಲಿನ ಬ್ಲೇಡ್. ಅವಸರ ಆಗೋದು ಇಲ್ಲೇ. ಚಿಪ್ಪರ್‌ನ ಹಲ್ಲು ಪಕ್ಕದ ಬ್ಲೇಡಿನ ಎರಡು ಹಲ್ಲುಗಳ ನಡುವಿನ ಸಂದಿಗೆ ಬರಬೇಕು. ಹಲ್ಲಿಗೆ ಹಲ್ಲು ಒತ್ತಿದರೆ ಕಾರ್ಬೈಡ್ ತುದಿ ಚಕ್ಕೆ ಏಳುತ್ತದೆ. ಚಿಪ್ಪರ್ ಜಾಸ್ತಿ ಇದ್ದರೆ ಎಲ್ಲವನ್ನೂ ಒಂದೇ ಸಾಲಿಗೆ ನಿಲ್ಲಿಸಬೇಡಿ, ಸುತ್ತಲೂ ಹಂಚಿ. ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ.

ನಟ್ ಪೂರ್ತಿ ಎಳೆ ಹಿಡಿಯಬೇಕು. ಬ್ಲೇಡ್ ಕೂಡುವ ಶಾಫ್ಟಿನ ಉದ್ದ ಸಾಲದಿದ್ದರೆ ಒಂದು ಚಿಪ್ಪರ್ ತೆಗೆದು ಎರಡು ಸಲ ಕೊಯ್ಯಿರಿ, ಅಷ್ಟೇ. ಸೈಟಿಗೆ ಒಯ್ಯುವ ಎಷ್ಟೋ ಸಣ್ಣ ಸಾಗಳ ಶಾಫ್ಟೇ ಗಿಡ್ಡ. ಅಂಥವರು ರೌಟರ್ (ಗ್ರೂವ್ ಕೊರೆಯುವ ಕೈ ಮಷೀನ್) ಹಿಡಿಯೋದೇ ವಾಸಿ.

18 ಎಂಎಂ ಪ್ಲೈ ಅಂತ ಕೊಟ್ಟದ್ದು ಅಳೆದರೆ ಅಷ್ಟಿರೋದೇ ಅಪರೂಪ, ಅಲ್ವಾ? ನಮ್ಮ ಬೆಳಗಾವಿ ಮಳೆಗೆ ಉಬ್ಬೋದು ಬೇರೆ. ಕ್ಯಾಲಿಪರ್‌ನಿಂದ ಅಳೆದು ಶಿಮ್ (ಬ್ಲೇಡುಗಳ ನಡುವೆ ಕೂಡಿಸುವ ತೆಳು ಬಿಲ್ಲೆ) ಹಾಕಿ, ಮೊದಲು ತುಂಡು ಪ್ಲೈ ಮೇಲೆ ಗ್ರೂವ್ ತೆಗೆಯಿರಿ. ಶೆಲ್ಫ್ ಕೂಡಿಸಲು ಸುತ್ತಿಗೆ ಬೇಕಾದರೆ ಇನ್ನೊಂದು ಶಿಮ್ ಸೇರಿಸಿ.

ಬ್ಲೇಡಿನ ಸುತ್ತ ಟೇಬಲ್‌ನಲ್ಲಿ ಕೂಡುವ ಅಗಲ ಬಾಯಿಯ ಪ್ಲೇಟ್ ಮರೀಬೇಡಿ. ಡಾಡೋದಿಂದ ಹಲಗೆ ಆರಪಾರ ಕೊಯ್ಯಬೇಡಿ. ಹೋಗುವಾಗ ಗಾರ್ಡ್, ನೈಫ್ ವಾಪಸ್ ಕೂಡಿಸಿಯೇ ಹೋಗಿ.