ವಿಷಯ: ಉಬ್ಬಿದ ಬಿದಿರು ಹಲಗೆ ಮತ್ತು ನಿಮ್ಮ ಶೋರೂಮಿನ ಮಾತು

ವ್ಯವಸ್ಥಾಪಕರಿಗೆ,
ಮಂಗಳೂರು ಶೋರೂಮು

ಮಾನ್ಯರೇ,

ಮೇ ಕೊನೆಯಲ್ಲಿ ನಿಮ್ಮಿಂದ 42 ಬಿದಿರು ಹಲಗೆ ತಂದು ಕಟಪಾಡಿಯ ನಮ್ಮ ಮನೆಯ ಮಹಡಿಗೆ ಹಾಸಿಸಿದೆ. ಜುಲೈ ನಡುವೆ ಆಟಿ ತಿಂಗಳು ಬರುವಷ್ಟರಲ್ಲಿ 11 ಹಲಗೆ ಉಬ್ಬಿದವು. ಆರು ಸಲ ಫೋನ್ ಮಾಡಿದೆ. "ಟೆಕ್ನಿಷಿಯನ್ ಬರ್ತಾರೆ" ಎಂದಿರಿ. ಮಳೆ ಬಂತು, ಟೆಕ್ನಿಷಿಯನ್ ಬರಲಿಲ್ಲ. ವಾರಂಟಿ ಕಾರ್ಡಿನ 4ನೇ ಕಲಂ ನಿಮಗೆ ಬಾಯಿಪಾಠ ಇದ್ದೀತು, ಇಲ್ಲಿ ಬರೆಯುವುದಿಲ್ಲ.

ಕಳೆದ ಸೋಮವಾರ ಒಂದು ಹಲಗೆ ಹಿಡಿದುಕೊಂಡು ಬಸ್ಸಿನಲ್ಲಿ ಬಂದೆ. (ಅದಕ್ಕೂ ಲಗೇಜು ಕೊಟ್ಟಿದ್ದೇನೆ.) ಕೌಂಟರಿನ ಹುಡುಗ ಮುಟ್ಟಿಯೂ ನೋಡಲಿಲ್ಲ. ಮೊಬೈಲಿನಿಂದ ಕಣ್ಣೆತ್ತಿ, "ಅಂಕಲ್, ದಿನಕ್ಕೆ ಎಷ್ಟು ಸಲ ನೆಲ ಒರೆಸ್ತೀರಿ?" ಎಂದ. ಒಂದು ಸಲ, ಬಟ್ಟೆ ಹಿಂಡಿ, ಎಂದೆ. "ಹಿಂಡುವುದು ಯಾರು? ನೀವಾ, ಆಂಟಿಯಾ?" ಸೋಫಾದಲ್ಲಿದ್ದ ದಂಪತಿ ನಕ್ಕರು. ಇದು ಹಾಸಿ ಮಿಕ್ಕ ಹಲಗೆ, ಕಟ್ಟಿನಲ್ಲೇ ಇತ್ತು, ನೆಲ ಕಂಡದ್ದೇ ಇಲ್ಲ ಎಂದೆ. "ಹಾಗಾದ್ರೆ ನಿಮ್ಮ ಮನೆಯ ಗಾಳಿಯೇ ಒದ್ದೆ ಮಾರಾಯ್ರೆ" ಎಂದವನು ದಂಪತಿಗೆ ಕಾಫಿ ತರಿಸಿದ. ನನಗೆ ಕುರ್ಚಿಯನ್ನೂ ತೋರಿಸಲಿಲ್ಲ.

ಕರಾವಳಿಯ ಗಾಳಿ ಒದ್ದೆ ಎಂಬ ಸಂಶೋಧನೆಗೆ ಅಭಿನಂದನೆ. ಆದರೆ ನಾನು 30 ವರ್ಷ ಗೇರುಬೀಜ ಕಾರ್ಖಾನೆಯ ಬಾಯ್ಲರ್ ನೋಡಿಕೊಂಡವನು, ಹಬೆಯ ಬುದ್ಧಿ ಗೊತ್ತು. ಒರೆಸಿದ ನೀರು ಹಲಗೆಯ ಅಂಚಿನಿಂದ ಒಳಗೆ ಹೋಗಬೇಕು. ನನ್ನ ಹಲಗೆಗಳ ಅಂಚು ಗಟ್ಟಿ ಇದೆ, ಗುಳ್ಳೆ ನಟ್ಟನಡುವೆ. ಬಿದಿರಿನ ಪದರಗಳಿಗೆ ಅಂಟು ಹಚ್ಚಿ ಒತ್ತಿ ಹಲಗೆ ಮಾಡುವ ಬಿಸಿ ಪ್ರೆಸ್ಸಿನಲ್ಲಿ ಮೊದಲು ಕಾಯುವುದು ಮೇಲ್ಪದರ. ಅಲ್ಲಿನ ತೇವ ಹಬೆಯಾಗಿ ಒಳಕ್ಕೆ ನುಗ್ಗುತ್ತದೆ. ಅಂಚಿನ ಹಬೆ ಪಕ್ಕದಿಂದ ಪಾರಾಗುತ್ತದೆ, ನಡುವಿನದು ಸಿಕ್ಕಿಬೀಳುತ್ತದೆ. ಬಿದಿರು ಒದ್ದೆಯಿದ್ದರೆ ಒಳಗಿನ ಬಿಸಿ 100 ಡಿಗ್ರಿ ದಾಟಿ ಏರಲು ತಿಣುಕುತ್ತದೆ, ಅಂಟು ಹಿಡಿಯುವುದಿಲ್ಲ. ತೇವ ಶೇ 10 ಮೀರಬಾರದು, ಫಿನಾಲ್ ಅಂಟಿಗೆ 140 ಡಿಗ್ರಿ ಬೇಕು ಎಂದು ನಿಮ್ಮ ಕರಪತ್ರವೇ ಹೇಳುತ್ತದೆ. ಸಾಲದ್ದಕ್ಕೆ ಒತ್ತಡ ಮೆಲ್ಲನೆ ಇಳಿಸದೆ ಪ್ರೆಸ್ ತೆರೆದರೆ, ಹಬೆ ಇಳಿಯುವ ಮೊದಲೇ ಕುಕ್ಕರಿನ ಮುಚ್ಚಳ ಕಿತ್ತ ಹಾಗೆ. ಪದರ ಬಿಟ್ಟದ್ದು ನಿಮ್ಮ ಕಾರ್ಖಾನೆಯಲ್ಲಿ. ಮಳೆಗಾಲ ಅದನ್ನು ತೋರಿಸಿಕೊಟ್ಟಿತು ಅಷ್ಟೆ.

ಬದಲಿ ಹಲಗೆ ಕೇಳಲೆಂದು ಬರೆಯಲು ಕೂತೆ. ಈಗ ಅದೂ ಬೇಡ ಅನ್ನಿಸುತ್ತಿದೆ. ಗ್ರಾಹಕ ಆಯೋಗಕ್ಕೆ ಅರ್ಜಿ ಬರೆದಾಗಿದೆ. ಅದಕ್ಕೂ ಮೊದಲು, ಬರುವ ಶನಿವಾರ 11 ಹಲಗೆಗಳನ್ನೂ ಕಿತ್ತು ಟೆಂಪೋದಲ್ಲಿ ತಂದು ನಿಮ್ಮ ಬಾಗಿಲೆದುರು ನಿಲ್ಲಿಸಿ, ಬಂದ ಗಿರಾಕಿಗಳಿಗೆಲ್ಲ ನಾಣ್ಯದಿಂದ ಬಡಿದು ಟೊಳ್ಳು ಸದ್ದು ಕೇಳಿಸಲಿದ್ದೇನೆ. ಕಾಫಿ ನಾನೇ ಫ್ಲಾಸ್ಕಿನಲ್ಲಿ ತರುತ್ತೇನೆ.

ಇಂತಿ,
ಬಿಲ್ಲಿನಲ್ಲಿ ಹೆಸರಿರುವ ಗಿರಾಕಿ